ಪೂಜೆಗೆ ಬಂದವರ ಗಾಡಿ, ಪಕ್ಕದ ಮನೆಯವರ ಬಾಗಿಲು



ಹೊಸೂರು ಸೀಮೆಯ ನಮ್ಮ ದೇವಾಲಯದ ಬೀದಿ ಭಾನುವಾರ ಬೆಳಿಗ್ಗೆ ಹೇಗಿರುತ್ತದೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಆರೂವರೆಯ ತಮಿಳು ಪೂಜೆ ಮುಗಿಸಿದವರು ಮಾತಾಡಿಕೊಂಡು ಹೊರಗೆ ಬರುತ್ತಿರುವಾಗಲೇ ಎಂಟರ ಕನ್ನಡ ಪೂಜೆಗೆ ನಾವು ಬಂದು ಇಳಿಯುತ್ತೇವೆ. ಹೋಗುವ ಗಾಡಿಗೆ ದಾರಿಯಿಲ್ಲ, ಬರುವ ಗಾಡಿಗೆ ಜಾಗವಿಲ್ಲ. ನಮ್ಮ ಟಿಎನ್ 70 ಫಲಕಗಳ ನಡುವೆ, ಜ್ಞಾನಸ್ನಾನಕ್ಕೋ ವರ್ಷದ ಪೂಜೆಗೋ ಬೆಂಗಳೂರಿನಿಂದ ಬಂದ ನೆಂಟರ ಕೆಎ ಫಲಕದ ಕಾರುಗಳೂ ಸೇರಿಕೊಳ್ಳುತ್ತವೆ. ಗಂಟೆ ಬಾರಿಸಿದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲಿ ಸಂದು ಕಂಡಿತೋ ಅಲ್ಲಿ ನಿಲ್ಲಿಸಿ, ಬೀಗ ಹಾಕಿ, ಸೆರಗು ಸರಿಮಾಡಿಕೊಂಡು ಓಡುತ್ತೇವೆ. ಸಮಯಕ್ಕೆ ಸರಿಯಾಗಿ ಬಂದೆವೆಂಬ ಸಮಾಧಾನವೂ ಇರುತ್ತದೆ.

ಕಳೆದ ತಪಸ್ಸುಕಾಲದ ಒಂದು ಭಾನುವಾರ ಕನ್ನಡ ಪೂಜೆಯ ಪ್ರಬೋಧನೆ ನಡೆಯುತ್ತಿತ್ತು. ಅದೇ ಹೊತ್ತಿಗೆ ದೇವಾಲಯದಿಂದ ನಾಲ್ಕು ಮನೆ ಆಚೆ ಒಬ್ಬ ತಾತನವರಿಗೆ ಎದೆನೋವು ಬಂತು. ಮನೆಯವರು 108ಕ್ಕೆ ಫೋನು ಮಾಡಿದರು. ಆಂಬ್ಯುಲೆನ್ಸ್ ಬೇಗನೇ ಬಂತು. ಬಂದು ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿತು. ಮುಂದೆ ಒಂದು ಬಿಳಿ ಕಾರು, ಅದರ ಎದುರಿಗೆ ಇನ್ನೊಂದು ಕಾರು, ಅದರ ಮಗ್ಗುಲಿಗೆ ಒಂದು ಬೈಕು. ಹಾರನ್ ಹೊಡೆದರು. ಒಳಗಿದ್ದ ನಮಗೂ ಕೇಳಿಸಿತು. ಪೂಜೆಯ ಹೊತ್ತಿನಲ್ಲಿ ಇದೆಂಥ ಗಲಾಟೆ ಎಂದು ನಮ್ಮಲ್ಲಿ ಕೆಲವರು ಮುಖ ಸಿಂಡರಿಸಿದ್ದೂ ಉಂಟು. ಕೊನೆಗೆ ಮಗ ಮತ್ತು ಎದುರುಮನೆಯ ಹುಡುಗ ತಾತನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಮ್ಮ ಗಾಡಿಗಳ ನಡುವೆ ಓರೆಯಾಗಿ ನುಸುಳಿಕೊಂಡು, ತಿರುವಿನವರೆಗೆ ಹೊತ್ತುಕೊಂಡು ಹೋದರು. ದೇವರ ದಯೆ, ತಾತನವರು ಉಳಿದುಕೊಂಡರು.

ನಮಗೆ ಇದು ತಿಳಿದದ್ದು ಎರಡು ವಾರ ಕಳೆದ ಮೇಲೆ, ಗೇಟಿನ ಬಳಿ ಹೂ ಮಾರುವ ಅಮ್ಮನಿಂದ. ಆ ಮನೆಯವರು ದೂರು ಹೇಳಿರಲಿಲ್ಲ. ನಮ್ಮಲ್ಲೊಬ್ಬರು ಆ ಮನೆಯ ಅಜ್ಜಿಯನ್ನು ದಾರಿಯಲ್ಲಿ ಕಂಡು, ಯಾಕಮ್ಮಾ ಆಗಲೇ ಬಂದು ಹೇಳಲಿಲ್ಲ ಎಂದು ಕೇಳಿದರು. ಮನೆಯಲ್ಲಿ ತೆಲುಗು ಆಡುವವರು ಅವರು. ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡುತ್ತಾರೆ. “ದೇವರ ಪೂಜೆ ನಡೀತಾ ಇರೋವಾಗ ಒಳಗೆ ಬಂದು ಗಾಡಿ ತೆಗೀರಿ ಅಂತ ಹೆಂಗಪ್ಪಾ ಕೂಗೋದು?” ಎಂದರಂತೆ. ಹಾರನ್ನಿಗಿಂತ ಈ ಮಾತು ನಮ್ಮನ್ನು ಹೆಚ್ಚು ಕಾಡಿದೆ. ನಮ್ಮ ಆರಾಧನೆಯ ಮೇಲೆ ಅವರಿಗಿದ್ದ ಗೌರವವೇ ಅವರ ಬಾಯಿ ಕಟ್ಟಿತ್ತು. ಆ ಗೌರವದ ಮರೆಯಲ್ಲಿ ನಾವು ಎಷ್ಟು ವರ್ಷದಿಂದ ಗಾಡಿ ನಿಲ್ಲಿಸುತ್ತಿದ್ದೆವೋ!

ವಿಷಯ ಪಾಲನಾ ಸಮಿತಿಗೆ ಬಂದಾಗ ಮೊದಲು ಎದ್ದ ಪ್ರಶ್ನೆ, ಗಾಡಿ ಯಾರದು ಎಂಬುದು. ಕನ್ನಡ ಪೂಜೆಯವರು ಅದು ತಮಿಳು ಪೂಜೆಗೆ ಬಂದು ಜ್ಞಾನೋಪದೇಶದ ಮಕ್ಕಳಿಗಾಗಿ ಕಾದಿದ್ದವರದು ಎಂದರು. ತಮಿಳು ಪೂಜೆಯವರು ತಾವೆಲ್ಲ ಏಳೂಮುಕ್ಕಾಲಿಗೇ ಹೊರಟಿದ್ದೆವೆಂದರು. ಇಂಗ್ಲಿಷ್ ಪೂಜೆಯವರು ಇನ್ನೂ ಬಂದೇ ಇರಲಿಲ್ಲವಂತೆ. ಒಂದೇ ಧರ್ಮಕೇಂದ್ರದಲ್ಲಿ ಮೂರು ಭಾಷೆ ಇರುವುದರಿಂದ ಒಂದು ಅನುಕೂಲ: ತಪ್ಪು ಯಾವಾಗಲೂ ಇನ್ನೊಂದು ಭಾಷೆಯವರದಾಗಿರುತ್ತದೆ.

ಒಂದು ಸಂಜೆ ನಾವು ಕೆಲವರು ಟೇಪು ಹಿಡಿದು ಬೀದಿಯನ್ನು ಅಳೆದೆವು. ಚರಂಡಿಯಿಂದ ಚರಂಡಿಗೆ 20 ಅಡಿ. ಒಂದು ಸಾಧಾರಣ ಕಾರು ಐದೂವರೆ ಅಡಿ ಅಗಲ. ಚರಂಡಿಯ ಅಂಚು ಬಿಟ್ಟು ನಿಲ್ಲಿಸಿದರೆ ಆರಡಿ ಹೋಯಿತು. ಬರೀ ಒಂದು ಕಾರು ನಿಂತಿದ್ದರೆ ಆಂಬ್ಯುಲೆನ್ಸ್ ಆರಾಮವಾಗಿ ದಾಟುತ್ತದೆ. ಎದುರಿಗೆ ಇನ್ನೊಂದು ನಿಂತರೆ ಎಂಟಡಿ ಉಳಿಯುತ್ತದೆ; ಕನ್ನಡಿ ಸೇರಿ ಏಳಡಿಗೆ ಮೀರುವ ವಾಹನ ಉಸಿರು ಬಿಗಿಹಿಡಿದು ದಾಟಬಹುದು. ಬೈಕು ಸೇರಿತೋ, ಮುಗಿಯಿತು. ಹಾಗಾದರೆ ದಾರಿ ಕಟ್ಟಿದ್ದು ಯಾರು? ಬಿಳಿ ಕಾರಿನವರು ‘ನನ್ನೊಂದರಿಂದ ದಾರಿ ಕಟ್ಟಲಿಲ್ಲ’ ಎಂದರೆ ಅದು ನಿಜ. ಎದುರಿನ ಕಾರಿನವರು ಹೇಳಿದರೂ ನಿಜ, ಬೈಕಿನ ಹುಡುಗ ಹೇಳಿದರೂ ನಿಜ. ಮೂರು ನಿಜ ಸೇರಿ ಒಬ್ಬ ಮುದುಕರು ಕುರ್ಚಿಯಲ್ಲಿ ಹೋಗಬೇಕಾಯಿತು. ಪಾಪನಿವೇದನೆಗೆ ಹೋಗುವ ಮುನ್ನ ನಾವು ಅಂತಃಕರಣವನ್ನು ಪರೀಕ್ಷಿಸಿಕೊಳ್ಳುವಾಗ ‘ನಾನು ಏನು ಮಾಡಿದೆ’ ಎಂದು ಕೇಳಿಕೊಳ್ಳುತ್ತೇವೆ. ‘ನಾನು ಯಾವುದರಲ್ಲಿ ಒಬ್ಬನಾಗಿದ್ದೆ’ ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿಲ್ಲ.

ರಸ್ತೆಯ ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 1989ರ ಕೇಂದ್ರ ಸರ್ಕಾರದ ರಸ್ತೆ ನಿಯಮಗಳು ಮನೆ, ಶಾಲೆ, ಆಸ್ಪತ್ರೆಗಳ ಬಾಗಿಲಿಗೆ ಅಡ್ಡವಾಗಿ, ತಿರುವಿನ ಬಳಿ, ಕಾಲುದಾರಿಯ ಮೇಲೆ ಗಾಡಿ ನಿಲ್ಲಿಸಬಾರದೆಂದವು. ನಿಂತಿರುವ ಗಾಡಿಯ ಎದುರಿಗೆ ಇನ್ನೊಂದನ್ನು ನಿಲ್ಲಿಸಬಾರದೆಂದೂ ಸೇರಿಸಿದವು. ಅವುಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಗಳು ಬಂದವು. ‘ಎದುರಿಗೆ ನಿಲ್ಲಿಸಬಾರದು’ ಎಂಬ ಮಾತಿನಲ್ಲಿ ಒಂದು ನ್ಯಾಯವಿದೆ. ಮೊದಲು ಬಂದವನಿಗೆ ಬೀದಿ ಖಾಲಿ ಕಾಣುತ್ತದೆ. ಆಮೇಲೆ ಬಂದವನಿಗೆ ಇದ್ದದ್ದು ಕಾಣುತ್ತದೆ, ಆದ್ದರಿಂದ ಹೊಣೆ ಅವನದೇ ಹೆಚ್ಚು. ತಡವಾಗಿ ಬಂದವರಿಗೆ ಅವಸರ ಹೆಚ್ಚು ಎಂಬುದು ನಮ್ಮ ವಾದ. ತಡವಾಗಿ ಬಂದವರಿಗೆ ಜವಾಬ್ದಾರಿ ಹೆಚ್ಚು ಎಂಬುದು ನಿಯಮದ ವಾದ. 2019ರ ತಿದ್ದುಪಡಿಯ ಪ್ರಕಾರ ಆಂಬ್ಯುಲೆನ್ಸಿಗೆ ದಾರಿ ಬಿಡದ ಚಾಲಕರಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಇದೆ. ಆದರೆ ಆ ಕಲಮು ಬರೆದವರ ಕಣ್ಣಮುಂದೆ ಸ್ಟೇರಿಂಗ್ ಹಿಡಿದು ಕೂತ ಚಾಲಕನಿದ್ದಿರಬೇಕು. ನಮ್ಮ ಚಾಲಕರೋ ಮೊಣಕಾಲೂರಿ ಕುಳಿತಿದ್ದರು.

ಮುಖ್ಯ ತೊಡಕು ಇಲ್ಲಿದೆ. ಕುಡಿದು ಗಾಡಿ ಓಡಿಸಿದವನಿಗೆ ತಾನು ತಪ್ಪು ಮಾಡಿದೆನೆಂದು ಗೊತ್ತಿರುತ್ತದೆ. ನಿಂತ ಗಾಡಿಯ ತಪ್ಪು ಹಾಗಲ್ಲ. ಅದು ನಾವಿಲ್ಲದಾಗ ನಡೆಯುತ್ತದೆ, ಸದ್ದಿಲ್ಲದೆ ನಡೆಯುತ್ತದೆ, ಅದರ ಹಿಂದೆ ಒಳ್ಳೆಯ ಉದ್ದೇಶವೂ ಇರುತ್ತದೆ. ಪೂಜೆಗೆ ಬಂದವರಲ್ಲವೇ ನಾವು, ಸಿನಿಮಾಕ್ಕಲ್ಲವಲ್ಲ! ಆದರೆ ಒಳ್ಳೆಯ ಕೆಲಸಕ್ಕೆಂದು ಬೇರೆಯವರ ದಾರಿಯನ್ನು ಅವರನ್ನು ಕೇಳದೆ ತೆಗೆದುಕೊಂಡರೆ, ಆ ಒಳ್ಳೆಯ ಕೆಲಸದ ಖರ್ಚನ್ನು ಅವರ ಮೇಲೆ ಹೊರಿಸಿದಂತಾಗುತ್ತದೆ. ಕಾಣಿಕೆಯನ್ನು ಪಕ್ಕದ ಮನೆಯವರ ಜೇಬಿನಿಂದ ತೆಗೆದು ತಟ್ಟೆಗೆ ಹಾಕಿದ ಹಾಗೆ. ಜೆರಿಕೋ ದಾರಿಯ ಕಥೆಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡಿ ಬಳಸಿಕೊಂಡು ಹೋದರೆಂದು ನಾವು ಅವರನ್ನು ಬೈಯುತ್ತ ಬಂದಿದ್ದೇವೆ. ಅವರೇನೋ ನಿಲ್ಲಲಿಲ್ಲ, ನಿಜ. ಸಮಾರಿಯದವನ ಕತ್ತೆಗೆ ಅಡ್ಡಲಾಗಿಯಂತೂ ನಿಲ್ಲಲಿಲ್ಲ.

ಇದು ಪೊಲೀಸರ ವಿಷಯ, ಧರ್ಮದ್ದಲ್ಲ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರು. ಧರ್ಮಸಭೆ ಹಾಗೆ ಎಣಿಸಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ಲೋಕದಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತು ಬರೆದಾಗ, ತಮ್ಮಷ್ಟಕ್ಕೆ ತಾವಿರುವ ನೀತಿ ಸಾಲದು ಎಂದು ಹೇಳುತ್ತ, ವಾಹನದ ವೇಗದ ಮಿತಿಯಂಥ ನಿಯಮಗಳನ್ನು ಹಗುರವಾಗಿ ಕಾಣುವವರನ್ನು ಉದಾಹರಣೆಯಾಗಿ ಕೊಟ್ಟಿತು. 2007ರಲ್ಲಿ ವ್ಯಾಟಿಕನ್ ರಸ್ತೆಯ ಬದುಕಿಗೆಂದೇ ಒಂದು ಮಾರ್ಗದರ್ಶಿ ಹೊರಡಿಸಿ, ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಬರೆಯಿತು. ಮೊದಲನೆಯದು ಕೊಲ್ಲಬಾರದೆಂಬ ಹಳೆಯ ಕಟ್ಟಳೆಯೇ. ಪತ್ರಿಕೆಗಳು ಆಗ ಅದನ್ನು ತಮಾಷೆಯಾಗಿ ಬರೆದವು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಐವರಲ್ಲಿ ಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು. ನಗುವ ವಿಷಯವೇನಲ್ಲ.

ಬೀದಿಯಲ್ಲಿ ನಿಂತ ಗಾಡಿ ದಾರಿ ಕಟ್ಟುವುದಷ್ಟೇ ಅಲ್ಲ, ಕಣ್ಣನ್ನೂ ಕಟ್ಟುತ್ತದೆ. ಜ್ಞಾನೋಪದೇಶ ಮುಗಿದು ಮಕ್ಕಳು ಎರಡು ಕಾರುಗಳ ನಡುವಿನಿಂದ ಓಡಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಏಳು ವರ್ಷದ ಮಗುವಿನ ತಲೆ ಕಾರಿನ ಬಾನೆಟ್ಟಿಗಿಂತ ಅಷ್ಟೇನೂ ಮೇಲಿರುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ಎಂದರೆ ನಮ್ಮ ಹುಡುಗರಿಗೆ ತೆವಳಿದಂತೆ. ಆದರೂ ಆ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಎಂಟು ಮೀಟರ್ ದಾಟುತ್ತದೆ, ಅಂದರೆ ಮಗು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡು ಕಾರಿನ ಉದ್ದ. ಜನ ಮತ್ತು ಗಾಡಿ ಬೆರೆಯುವ ಬೀದಿಗಳಲ್ಲಿ 30ಕ್ಕಿಂತ ಹೆಚ್ಚು ವೇಗ ಬೇಡವೆಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು ಒಪ್ಪಿದ್ದು ಇದಕ್ಕಾಗಿಯೇ.

ಹಾಗೆಂದು ಬೀದಿಯವರದೆಲ್ಲ ಸರಿಯೇ? ನಮ್ಮಲ್ಲೂ ಗೊಣಗಾಟವಿದೆ. ಕೆಲವು ಮನೆಯವರು ಶನಿವಾರ ರಾತ್ರಿಯೇ ಗೇಟಿನ ಮುಂದೆ ಹೂಕುಂಡ, ಹಳೇ ಟೈರು, ಸೈಜುಗಲ್ಲು ಇಟ್ಟು ಜಾಗ ಹಿಡಿಯುತ್ತಾರೆ. ರಸ್ತೆ ಅವರಪ್ಪನ ಮನೆಯದೇ ಎಂದು ಒಬ್ಬರು ಕೇಳಿದರು. ಅಲ್ಲ. ನಮ್ಮದೂ ಅಲ್ಲ. ಆದರೆ ಒಂದು ಮಾತು ನೋಡಿ. ಆ ಬೀದಿಯಲ್ಲಿ ಬೆಳಗಾಗುವ ಮುನ್ನ ಹೆಂಗಸರು ಎದ್ದು ಬಾಗಿಲ ಮುಂದಿನ ನೆಲ ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತಾರೆ. ತಮಿಳರು ಕೋಲಂ ಎನ್ನಲಿ, ತೆಲುಗರು ಮುಗ್ಗು ಎನ್ನಲಿ, ಗುಡಿಸುವುದು ಒಂದೇ. ಆ ನಾಲ್ಕು ಅಡಿ ಕಾಗದದ ಪ್ರಕಾರ ಸರ್ಕಾರದ್ದು. ದಿನವೂ ಅದನ್ನು ಚೊಕ್ಕಟವಾಗಿ ಇಡುತ್ತಿರುವವರು ಅವರು. ಒಡೆತನ ಇಲ್ಲದಿದ್ದರೂ ಆರೈಕೆಯಿಂದ ಒಂದು ಹಕ್ಕು ಹುಟ್ಟುವುದಿಲ್ಲವೇ? ಹುಟ್ಟುತ್ತದೆಂದೇ ನಮ್ಮ ಎಣಿಕೆ. ನಾವಾದರೋ ವಾರಕ್ಕೊಮ್ಮೆ ಬಂದು ಅದರ ಮೇಲೆ ಚಕ್ರ ಹತ್ತಿಸಿ, ಒಂಬತ್ತೂಕಾಲಿಗೆ ಹೊರಟುಹೋಗುತ್ತೇವೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ದೂರದ ಹಳ್ಳಿಗಳಿಂದ ಬರುವವರು ಬಸ್ಸಿಗೋ ಶೇರ್ ಆಟೋಗೋ ಬಂದು ನಡೆದೇ ಬರುತ್ತಾರೆ. ಬೀದಿ ತುಂಬುವ ಕಾರುಗಳಲ್ಲಿ ಹೆಚ್ಚಿನವು ಹತ್ತು ಹದಿನೈದು ನಿಮಿಷ ನಡೆಯುವಷ್ಟು ದೂರದ ನಮ್ಮವೇ. ಇದೇ ನಾವು, ಮನೆ ಕಟ್ಟುವಾಗ ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ ಜಾಗವನ್ನು ಅಂಗಡಿಗೆ ಬಾಡಿಗೆ ಕೊಟ್ಟು, ಕಾರನ್ನು ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದೇವೆ. ಕಾರುಗಳಿಗಾಗಿ ಊರೆಲ್ಲ ರಸ್ತೆ ಮತ್ತು ನಿಲುಗಡೆಯ ಜಾಗವಾಗುತ್ತಿರುವುದರ ಬಗ್ಗೆ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೋ ಸಿ’ ಪತ್ರದಲ್ಲಿ ಬರೆದದ್ದನ್ನು ನಮ್ಮ ಕಿರು ಸಮುದಾಯದಲ್ಲಿ ಓದಿ ಚರ್ಚಿಸಿದ್ದೆವು. ಚರ್ಚೆಗೆ ಕಾರಿನಲ್ಲೇ ಹೋಗಿದ್ದೆವು.

ಸಮಿತಿಯಲ್ಲಿ ಮೂರು ಸಭೆ ಆದವು. ದೇವಾಲಯದ ಅಂಗಳದಲ್ಲೇ ಎಲ್ಲ ಗಾಡಿ ನಿಲ್ಲಿಸೋಣವೆಂದರೆ ಮಕ್ಕಳು ಆಡುವ ಜಾಗ ಅದೊಂದೇ. ಬೀದಿಯ ಅಪಾಯವನ್ನು ಒಳಗೆ ಕರೆದುಕೊಂಡಂತಾಗುತ್ತದೆ. ಆದ್ದರಿಂದ ಅಂಗಳಕ್ಕೆ ಮುದುಕರನ್ನೂ ನಡೆಯಲಾಗದವರನ್ನೂ ಕರೆತರುವ ಗಾಡಿಗಳಿಗೆ ಮಾತ್ರ ಪ್ರವೇಶವೆಂದಾಯಿತು. ಬೀದಿಯ ಒಂದೇ ಮಗ್ಗುಲಿಗೆ, ಗೇಟುಗಳನ್ನು ಬಿಟ್ಟು ನಿಲ್ಲಿಸುವುದು. ತಿರುವಿನ ಬಳಿ ಬೈಕು ಕೂಡ ಬೇಡ. ಕನ್ನಡ ಪೂಜೆಯನ್ನು ಎಂಟೂಕಾಲಿಗೆ ತಳ್ಳಿದ್ದೇವೆ. ಇದಕ್ಕೆ ಒಪ್ಪಿದ್ದು ನಮಗೆ ಸುಲಭವಾಗಿರಲಿಲ್ಲ; ಎಂಟು ಗಂಟೆಯ ಪೂಜೆಯನ್ನು ಪಡೆಯಲು ನಮ್ಮ ಹಿರಿಯರು ಎಷ್ಟು ಅರ್ಜಿ ಬರೆದಿದ್ದರೆಂದು ಬಲ್ಲವರು ಬಲ್ಲರು. ಕೆಲವರು ಈಗಲೂ ಮುನಿಸಿಕೊಂಡಿದ್ದಾರೆ. ಮದುವೆಯ ದಿನಗಳಲ್ಲಿ ಎಲ್ಲವೂ ಮೊದಲಿನಂತೆಯೇ ಆಗುತ್ತದೆ, ಅದಕ್ಕಿನ್ನೂ ದಾರಿ ಕಂಡಿಲ್ಲ.

ಉಳಿದದ್ದು ಒಂದು. ಕದ್ದವನು ಕ್ಷಮೆ ಕೇಳಿದರಷ್ಟೇ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕೆಂದು ಜ್ಞಾನೋಪದೇಶದಲ್ಲಿ ನಾವೇ ಮಕ್ಕಳಿಗೆ ಕಲಿಸುತ್ತೇವೆ. ಜಕ್ಕಾಯನು ನಾಲ್ಕರಷ್ಟು ಕೊಡಲು ಹೊರಟ. ನಾವು ತೆಗೆದುಕೊಂಡ ಆ ಇಪ್ಪತ್ತು ನಿಮಿಷವನ್ನು ಯಾರಿಗೆ, ಹೇಗೆ ಕೊಡುವುದು? ಕನಿಷ್ಠ ಆ ಮನೆಗೆ ಹೋಗಿಬರಬೇಕೆಂದರೆ, ಯಾರು ಹೋಗಬೇಕು ಎಂಬಲ್ಲಿಗೆ ಮಾತು ಮತ್ತೆ ನಿಂತಿತು. ಯಾರ ಗಾಡಿಯೂ ಒಂಟಿಯಾಗಿ ದಾರಿ ಕಟ್ಟಿರಲಿಲ್ಲವಲ್ಲ. ಸ್ವಾಮಿಯವರು ತಾವೇ ಹೋಗುತ್ತೇವೆಂದರು. ಅವರ ಬಳಿ ಕಾರೇ ಇಲ್ಲ.

ಕೊನೆಗೆ ಪಾಸ್ಕ ಹಬ್ಬ ಕಳೆದ ಒಂದು ಸಂಜೆ ನಾವು ನಾಲ್ವರು ನಡೆದುಕೊಂಡೇ ಹೋದೆವು. ಅಜ್ಜಿ ಕಾಫಿ ಕೊಟ್ಟರು. ತಾತನವರು ಜಗಲಿಯ ಮೇಲೆ, ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾವು ತಡವರಿಸಿಕೊಂಡು ಹೇಳಬೇಕಾದದ್ದನ್ನು ಹೇಳಿದೆವು. ಅವರು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬಿಳಿ ಕಾರು ನಿಮ್ಮಲ್ಲಿ ಯಾರದಪ್ಪಾ?” ಎಂದರು.

ನಮ್ಮ ನಾಲ್ವರಲ್ಲಿ ಮೂವರದು ಬಿಳಿ ಕಾರು.