ಸಾಕ್ಷಿ ಕೇಳದ ತೀರ್ಪು

2012ರಲ್ಲಿ ಬಂದ ‘ಮಾಸ್ ಎಫೆಕ್ಟ್ 3’ ವಿಡಿಯೋ ಗೇಮಿನ ಕೊನೆ ನನಗೆ ನಿರಾಸೆ ತಂದದ್ದು ಅದು ದುರಂತವೆಂಬ ಕಾರಣಕ್ಕಲ್ಲ. ಈ ಸರಣಿಯಲ್ಲಿ ಒಂದು ಆಟದ ತೀರ್ಮಾನಗಳು ಮುಂದಿನ ಆಟಕ್ಕೂ ಸಾಗಿಬರುತ್ತವೆ. ಜತನದಿಂದ ಆಡಿದರೆ, ಬದ್ಧವೈರಿಗಳಾದ ಕ್ವಾರಿಯನ್ನರಿಗೂ ಅವರೇ ಸೃಷ್ಟಿಸಿದ ಗೆತ್ ಯಂತ್ರಗಳಿಗೂ ರಾಜಿ ಮಾಡಿಸಬಹುದು. ನಾನೂ ಮಾಡಿಸಿದ್ದೆ.

ಆದರೆ ಕೊನೆಯಲ್ಲಿ ಬಾಲಕನ ರೂಪದ ಯಂತ್ರಬುದ್ಧಿಯೊಂದು ಎದುರಾಗಿ, ಯಂತ್ರಗಳು ತಮ್ಮನ್ನು ಸೃಷ್ಟಿಸಿದವರ ಮೇಲೆ ತಿರುಗಿಬೀಳುವುದು ಖಚಿತ ಎನ್ನುತ್ತದೆ. ನಾಶ, ನಿಯಂತ್ರಣ, ಸಮ್ಮಿಲನ ಎಂಬ ದಾರಿಗಳನ್ನು ಮುಂದಿಡುತ್ತದೆ. ಕಣ್ಣೆದುರಿನ ರಾಜಿಯನ್ನು ತೋರಿಸಿ ವಾದಿಸಲು ಶೆಪರ್ಡ್‌ಗೆ ಅವಕಾಶವೇ ಇಲ್ಲ. ಅದೇ ವರ್ಷ ಉಚಿತವಾಗಿ ಬಂದ ವಿಸ್ತೃತ ಆವೃತ್ತಿಯಲ್ಲಿ ಎಲ್ಲವನ್ನೂ ನಿರಾಕರಿಸಬಹುದಿತ್ತು, ಆದರೆ ಅದಕ್ಕೆ ಸಿಗುವ ಉತ್ತರ ಸರ್ವನಾಶ.

ಕೊನೆ ಬರೆಯುವ ಹಕ್ಕು ಕರ್ತೃವಿನದೇ. ನಮ್ಮಿಂದ ಮಾಡಿಸಿದ್ದನ್ನು ಸಾಕ್ಷಿಯೆಂದು ಎಣಿಸುವ ಹೊಣೆಯೂ ಅಲ್ಲಿಯೇ ಇದೆ. ಸೋಲನ್ನು ಸಹಿಸಬಹುದು, ಸಾಕ್ಷಿ ಕೇಳದ ತೀರ್ಪನ್ನಲ್ಲ.