ಎತ್ತುವವರು ಯಾರು?

ಧ್ಯಾನಭಾಗ: ಯೋಹಾನನ ಸುವಾರ್ತೆ 5ನೆಯ ಅಧ್ಯಾಯ, 1ರಿಂದ 9ನೆಯ ವಚನಗಳು



ಬೇತೆಸ್ದ ಕೊಳದ ಬಳಿಯಲ್ಲಿ ಬಿದ್ದಿದ್ದ ರೋಗಿಯ ವೃತ್ತಾಂತವನ್ನು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ಅವನು ಮೂವತ್ತೆಂಟು ವರುಷಗಳಿಂದ ನಡೆಯಲಾರದವನಾಗಿದ್ದನು. ಕೊಳವು ಅವನ ಕಣ್ಣೆದುರಿಗೇ ಇತ್ತು. ಅದರ ಸುತ್ತ ಐದು ಮಂಟಪಗಳನ್ನೂ ಕಟ್ಟಿದ್ದರು. ಆದರೂ ಅವನು ನೀರಿಗೆ ಇಳಿದವನಲ್ಲ. ಯಾಕಂದರೆ ತನ್ನನ್ನು ಎತ್ತಿ ಇಳಿಸುವ ಮನುಷ್ಯನು ಒಬ್ಬನೂ ಇಲ್ಲವೆಂದು ಅವನೇ ಯೇಸುಸ್ವಾಮಿಗೆ ಅರಿಕೆಮಾಡಿದನು. ನೀರಿಗೆ ಕೊರತೆಯಿರಲಿಲ್ಲ, ಎತ್ತುವ ಕೈಗೆ ಕೊರತೆಯಿತ್ತು.

ಈ ಮಾತಿನ ಅರ್ಥವು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಬಣಕಲ್ಲಿನ ಸಮೀಪದ ಒಂದು ಕಾಫಿ ತೋಟದ ಲೈನುಮನೆಯಲ್ಲಿ ತಿಳಿಯಿತು. ಅಲ್ಲಿ ಹುಟ್ಟಿದಂದಿನಿಂದ ಕೈಕಾಲು ಸೆಟೆದುಕೊಂಡಿರುವ ಹದಿನಾಲ್ಕು ವರುಷದ ಹುಡುಗನಿದ್ದಾನೆ. ತಾಯಿಯು ಬೆಳಿಗ್ಗೆ ಗಂಜಿ ಉಣಿಸಿ, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದರೆ, ತಿರುಗಿ ಬರುವುದು ಸಾಯಂಕಾಲಕ್ಕೆ. ನಾನು ಮೂರು ವರುಷ ಆ ಬಾಗಿಲಲ್ಲಿ ನಿಂತು ಪ್ರಾರ್ಥನೆಮಾಡಿ ಹೋಗುತ್ತಿದ್ದೆನು. ಕಳೆದ ಮಳೆಗಾಲದಲ್ಲಿ ಒಂದು ದಿನ ಮಳೆ ಬಿಡಲೊಲ್ಲದೆ ಒಳಗೆ ಕುಳಿತಾಗ ಅವನ ಸೊಂಟದಲ್ಲಿ ಆಗಿದ್ದ ಹಾಸಿಗೆ ಹುಣ್ಣನ್ನು ಕಂಡೆನು. "ತಾಯಿ, ಆಸ್ಪತ್ರೆಯ ಕಾರ್ಡು ಮಾಡಿಸಲಿಲ್ಲವೋ?" ಎಂದು ಕೇಳಿದೆನು. ಆಕೆಯು ಟ್ರಂಕಿನಿಂದ ಅದನ್ನು ತೆಗೆದು ತೋರಿಸಿ, "ಕಾರ್ಡು ಉಂಟು ಅಯ್ಯನವರೇ, ಹುಡುಗನನ್ನು ಎತ್ತುವವರು ಇಲ್ಲ" ಅಂದಳು. ಪ್ರಿಯರೇ, ಆ ಮಾತು ನನ್ನ ಎದೆಗೆ ನೆಟ್ಟಿತು. ಬೇತೆಸ್ದದ ಮಂಟಪವು ನನ್ನ ಸಭೆಯೊಳಗೇ ಇತ್ತು. ನಾನು ಅದನ್ನು ದಾಟಿ ದಾಟಿ ಹೋಗುತ್ತಿದ್ದೆನು.

ಹೀಗಿರಲಾಗಿ, ನಮ್ಮ ಕಾಲದಲ್ಲಿ ಇಂಥವರಿಗೋಸ್ಕರ ಯಾವ ಯಾವ ಕೊಳಗಳು ತೋಡಲ್ಪಟ್ಟಿವೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವಿಶೇಷವಾಗಿ ಹಳ್ಳಿಗಾಡಿನಲ್ಲಿ, ಕುಟುಂಬದ ಆದಾಯವನ್ನು ನೋಡಿ, ಸಮೀಪದಲ್ಲೇ ಉಚಿತ ಚಿಕಿತ್ಸೆಯು ದೊರೆಯಬೇಕೆಂದೂ, ಆಸ್ಪತ್ರೆಯಲ್ಲಿ ಅವರನ್ನು ಮೊದಲು ನೋಡಬೇಕೆಂದೂ ಅದು ವಿಧಿಸುತ್ತದೆ. ವೈದ್ಯರು ವೈಕಲ್ಯವು ನೂರಕ್ಕೆ 40ಕ್ಕೆ ಕಡಿಮೆಯಲ್ಲವೆಂದು ಪ್ರಮಾಣಪತ್ರ ಕೊಟ್ಟರೆ ಮಾಸಾಶನ ಮೊದಲಾದ ಅನುಕೂಲಗಳಿಗೆ ದಾರಿಯಾಗುತ್ತದೆ. ನಮ್ಮ ರಾಜ್ಯದಲ್ಲಿ 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಆಸ್ಪತ್ರೆಯ ವೆಚ್ಚವನ್ನು ಹೊರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇವುಳ್ಳವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ಎಂಬ ವಿಮೆಯು ವರುಷಕ್ಕೆ 1 ಲಕ್ಷದ ವರೆಗೆ ಉಂಟು. ಆಸ್ಪತ್ರೆಯಲ್ಲಿ ಮಲಗದೆ ಪಡೆಯುವ ಚಿಕಿತ್ಸೆಯೂ ಅಂಗಸಾಧನೆಯೂ ಅದರಲ್ಲಿ ಸೇರಿವೆ. ಇವು ಭಿಕ್ಷವಲ್ಲ, ಹಕ್ಕು. ಇವುಗಳನ್ನು ಕೇಳುವುದಕ್ಕೆ ಯಾರೂ ನಾಚಬೇಕಾಗಿಲ್ಲ.

ಆದರೆ ಗಮನಿಸಿರಿ. ಆಸ್ಪತ್ರೆಯ ಕಾರ್ಡು ಆಸ್ಪತ್ರೆಯ ಬಾಗಿಲಿನಿಂದ ಒಳಗೆ ನಡೆಯುವ ವೆಚ್ಚವನ್ನು ಕೊಡುತ್ತದೆ. ಆ ಹುಡುಗನ ಕಷ್ಟವಾದರೋ ವರುಷದ ಎಲ್ಲಾ ದಿನಗಳಲ್ಲಿಯೂ ಮನೆಯ ಚಾಪೆಯ ಮೇಲೆ ಇದೆ. ಅವನನ್ನು ಮಗ್ಗುಲು ತಿರುಗಿಸುವವರಾರು? ಒದ್ದೆ ಬಟ್ಟೆಯನ್ನು ತೆಗೆಯುವವರಾರು? ಮೂಡಿಗೆರೆಯನ್ನು ದಾಟಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಅವನನ್ನು ಒಯ್ಯುವ ದಿನ ತಾಯಿಯ ಕೂಲಿಯನ್ನು ತುಂಬಿಕೊಡುವವರಾರು?

ನಮ್ಮ ಸ್ವಾಮಿಯು ಆ ರೋಗಿಗೆ ಏನು ಮಾಡಿದನೆಂಬುದನ್ನು ಆಲೋಚಿಸಿರಿ. ಮೊದಲನೆಯದಾಗಿ, ಅವನು ಬಿದ್ದಿದ್ದ ಸ್ಥಳಕ್ಕೆ ತಾನೇ ಹೋದನು. ಎರಡನೆಯದಾಗಿ, ಸ್ವಸ್ಥನಾಗಲು ನಿನಗೆ ಮನಸ್ಸುಂಟೋ ಎಂದು ಅವನನ್ನೇ ಕೇಳಿದನು. ನಾವಾದರೋ ಹಾಸಿಗೆಯಲ್ಲಿರುವವನ ಮುಂದೆಯೇ ಅವನ ಸಂಗತಿಯನ್ನು ಮಿಕ್ಕವರ ಹತ್ತಿರ ಮಾತಾಡುತ್ತೇವೆ. ಅವನನ್ನು ಒಂದು ಮಾತೂ ಕೇಳುವುದಿಲ್ಲ. ಮೂರನೆಯದಾಗಿ, ಇದು ಯಾರ ಪಾಪದ ಫಲವೆಂದು ವಿಚಾರಿಸುತ್ತಾ ಅವನ ಚಾಪೆಯ ಬಳಿ ಕಾಲ ಕಳೆಯಲಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದು ಸ್ಪಷ್ಟವಾಗಿ ತಿಳಿಸಿದನು. ಆದಕಾರಣ ಮಗುವಿನ ವೈಕಲ್ಯವನ್ನು ತಾಯಿಯ ಶಾಪವೆನ್ನುವ ನಾಲಿಗೆಯು ಸಭೆಯಲ್ಲಿ ಇರಬಾರದು.

ಪ್ರಾರ್ಥಿಸಿದ ಮಾತ್ರಕ್ಕೆ ಎಲ್ಲರೂ ಎದ್ದು ಹಾಸಿಗೆ ಹೊತ್ತುಕೊಂಡು ನಡೆಯುವರೆಂದು ನಾನು ಹೇಳಲಾರೆನು. ಆ ಹುಡುಗನು ಇಂದಿಗೂ ನಡೆಯುವುದಿಲ್ಲ. ಆದರೆ ಸಭೆಯ ನಾಲ್ವರು ಯೌವನಸ್ಥರು ಅವನನ್ನು ಕಂಬಳಿಯಲ್ಲಿ ಎತ್ತಿ ಜೀಪಿಗೆ ಸೇರಿಸಿ ಆಸ್ಪತ್ರೆಗೆ ಮುಟ್ಟಿಸಿದರು; ಪ್ರಮಾಣಪತ್ರವೂ ದೊರಕಿತು. ಮೂವರು ಸ್ತ್ರೀಯರು ಸರದಿಯಂತೆ ಮಧ್ಯಾಹ್ನ ಹೋಗಿ ಬರುತ್ತಾರೆ. ಹುಣ್ಣು ಮಾಯ್ದಿದೆ. ಬಾಗಿಲು ಈಗ ಹಗಲೆಲ್ಲಾ ತೆರೆದಿರುತ್ತದೆ.

ನೀವೂ ಮಾಡಬಹುದಾದದ್ದನ್ನು ಹೇಳುವೆನು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ; ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರಾಗಿದ್ದು ಆ ಕಷ್ಟವನ್ನು ಬಲ್ಲವರು. ಅವರನ್ನೂ ಆಶಾ ಕಾರ್ಯಕರ್ತೆಯನ್ನೂ ಮನೆಗೆ ಕರೆತನ್ನಿರಿ. ಶಾಲೆಗೆ ಹೋಗಲಾರದಷ್ಟು ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಕಲಿಯುವ ಹಕ್ಕನ್ನು 2012ರ ತಿದ್ದುಪಡಿಯು ಕೊಟ್ಟಿದೆಯೆಂದು ಶಾಲೆಯವರಿಗೆ ನೆನಪುಮಾಡಿರಿ. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಸೊಂಟ, ಬೆನ್ನು, ಹಿಮ್ಮಡಿಗಳಲ್ಲಿ ಕೆಂಪು ಕಂಡರೆ ತಿಕ್ಕದೆ, ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ದಾದಿಗೆ ತಿಳಿಸಿರಿ. ಹಾಸಿಗೆಯು ಒಣಗಿರಲಿ. ಉಣಿಸುವಾಗ ಒರಗಿಸಿ ಕೂರಿಸಿ, ಸಣ್ಣ ತುತ್ತು ಕೊಟ್ಟು, ಉಂಡ ಕೂಡಲೆ ಮಲಗಿಸದಿರಿ. ಎಲ್ಲಕ್ಕಿಂತ ಹೆಚ್ಚಾಗಿ, ನೋಡಿಕೊಳ್ಳುವ ತಾಯಿಗೆ ವಾರದಲ್ಲಿ ಒಂದು ದಿನವಾದರೂ ವಿಶ್ರಾಂತಿಯನ್ನು ಕೊಡಿರಿ. ಆಕೆಯು ಬಿದ್ದರೆ ಇಬ್ಬರು ಬಿದ್ದಂತೆ.

ಪ್ರಿಯರೇ, ಕಾಫಿಯ ಹಣ್ಣು ಕೊಯ್ಯುವ ದಿನಗಳಲ್ಲಿ ನಿಮಗೆ ಪುರುಸೊತ್ತಿಲ್ಲವೆಂದು ಬಲ್ಲೆನು. ಆದರೂ ಒಂದು ಮೂಟೆಯನ್ನು ಹೆಗಲಿಗೇರಿಸುವಾಗ ಪಕ್ಕದವನು ಕೈಕೊಡುತ್ತಾನಲ್ಲವೋ? ಮೂಟೆಗೆ ದೊರೆಯುವ ಕೈ ಮನುಷ್ಯನಿಗೆ ದೊರೆಯಬಾರದೋ? ಈ ವಾರ ನಿಮ್ಮ ಲೈನಿನಲ್ಲಿ ಎಳೆದ ಬಾಗಿಲು ಯಾವುದೆಂದು ನೋಡಿರಿ. ಹೊರಗೆ ನಿಂತು ಪ್ರಾರ್ಥಿಸಿ ಹೋಗಬೇಡಿರಿ. ಒಳಗೆ ಹೋಗಿ ಕುಳಿತುಕೊಳ್ಳಿರಿ.

ಕರುಣೆಯುಳ್ಳ ಕರ್ತನೇ, ನೀನು ಮಂಟಪದೊಳಗೆ ಬಂದಂತೆ ನಾವೂ ನಮ್ಮ ನೆರೆಯವರ ಬಳಿಗೆ ಹೋಗುವಂತೆ ನಮ್ಮ ಕಾಲುಗಳನ್ನು ನಡಿಸು. ಎತ್ತುವವರಿಲ್ಲವೆಂಬ ಮೊರೆಯು ನಮ್ಮ ಸಭೆಯಿಂದ ಏಳದ ಹಾಗೆ ನಮ್ಮ ಕೈಗಳನ್ನು ಬಲಪಡಿಸು. ಆಮೆನ್.