ಕಾಯಕದ ಕೂಲಿ ಯಾರದು?

ಕೋಡ್ಲಾ, ಸೇಡಂ ಸೀಮೆಯ ಸುಣ್ಣಕಲ್ಲಿನ ಗಣಿಯಲ್ಲಿ, ಸಿಮೆಂಟು ಕಾರ್ಖಾನೆಯಲ್ಲಿ ಬೆವರು ಸುರಿಸಿದವನೊಬ್ಬನು, “ದುಡಿದವನು ನಾನು; ಕುಡಿದರೆ ಯಾರಿಗೇನು?” ಎಂದರೆ, ಆ ಪ್ರಶ್ನೆ ಕ್ಷುದ್ರವಾದುದಲ್ಲ. ಆದರೆ ಶರಣಮತದಲ್ಲಿ ಕಾಯಕದ ಫಲವು ದಾಸೋಹಕ್ಕೆ ಸಲ್ಲತಕ್ಕುದು. ಮಡದಿಮಕ್ಕಳ ತುತ್ತೂ ಅದರಲ್ಲಿಯೇ ಅಡಗಿದೆ. ಲಿಂಗಕ್ಕೆ ನೆಲೆಯಾದ ಕಾಯವಾದರೂ ಅವನೊಬ್ಬನದೆ? ಮದ್ಯದ ವಿಷವನ್ನು ಕಳೆಯುವ ಭಾರವು ಬಹುಮಟ್ಟಿಗೆ ಯಕೃತ್ತಿನದು. ವರ್ಷಾನುಗಟ್ಟಲೆ ಕುಡಿದರೆ ಅದು ಗಡುಸಾಗಿ ಕಾಮಾಲೆ, ಜಲೋದರಗಳು ತಲೆದೋರಬಹುದು.

2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಚಟ ನಿಲ್ಲಲಿಲ್ಲ. ಹೆಂಡದ ಮಾರಯ್ಯನಂಥ ಶರಣನೇ ಕುಡುಕರ ನಡುವೆ ನಿಂತು ತಿಳಿಹೇಳಿದನೆಂಬುದನ್ನು ಮರೆತು ಕೆಲವರು ಕುಡುಕನನ್ನು ಜರೆಯುವರು. ಕೆಲವರು ಲಿಂಗ ಮುಟ್ಟಿಸಿ ಆಣೆಯಿಡಿಸಿ ಕೋಣೆಯಲ್ಲಿ ಕೂಡಿಹಾಕುವರು. ನಿತ್ಯವೂ ಮಿತಿಮೀರಿ ಕುಡಿಯುವವನು ಒಮ್ಮೆಲೇ ಬಿಟ್ಟರೆ ಮೊದಲ ಮೂರು ನಾಲ್ಕು ದಿನಗಳಲ್ಲಿ ನಡುಕ, ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಎರವಾದೀತು. ಆಣೆಗಿಂತ ಮೊದಲು ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯತಕ್ಕುದು.